ಬನವ್ವನಿಗೆ ಹಗಲುಚುಕ್ಕಿ

ಬಾದಾಮಿ
೬-೧-೧೯೮೦, ರವಿವಾರ

ತಂಗಿ ಶಿವಲಿಂಗವ್ವನಿಗೆ ಅಣ್ಣ ಅಂದಪ್ಪನ ಶರಣು.

ಎಲ್ಲರ ಕ್ಷೇಮ ಕೇಳುತ್ತ ಕೂತರೆ ಅರ್ಧ ಇನ್‌ಲ್ಯಾಂಡ್ ಪತ್ರ ಅದಕ್ಕೇ ಹೋಗುತ್ತದೆ. ನೇರ ವಿಷಯಕ್ಕೆ ಬರುತ್ತೇನೆ. ನಿನ್ನ ಮಗಳು, ನನ್ನ ಸೊಸೆ ಬನಶಂಕರಿಗೆ ಫೆಬ್ರುವರಿ ಹದಿನಾರಕ್ಕೆ ಐದು ತುಂಬುತ್ತದೆ. ಆ ದಿನ ಬಾದಾಮಿಯಲ್ಲಿ ಅವಳ ಹುಟ್ಟುಹಬ್ಬ ಮಾಡಬೇಕೆಂದಿದ್ದೇನೆ. ನಗಬೇಡ.

ನಮ್ಮ ಶಾಲೆಯ ರಜಿಸ್ಟರಿನಲ್ಲಿ ನೂರಾ ನಲವತ್ತು ಮಕ್ಕಳಿದ್ದಾರೆ, ಎಲ್ಲರೂ ಜೂನ್ ಒಂದಕ್ಕೇ ಹುಟ್ಟಿದವರು! ಹೆಸರು ಹಚ್ಚಲು ಬಂದ ತಾಯಿಯನ್ನು "ಯಾವಾಗ ಹುಟ್ಟಿತವ್ವಾ?" ಎಂದು ಕೇಳಿದರೆ "ಜ್ವಾಳ ಕೊಯ್ಯೂ ಮುಂದ್ರಿ" ಎನ್ನುತ್ತಾಳೆ. ನಾವು ಹೆಡ್‌ಮಾಸ್ತರರು ಜೂನ್ ಒಂದು ಎಂದು ಬರೆದು ಕೈ ತೊಳೆದುಕೊಳ್ಳುತ್ತೇವೆ. ನಾನೂ ಜೂನ್ ಒಂದರವನೇ, ನೀನೂ ಜೂನ್ ಒಂದರವಳೇ. ನಮ್ಮ ಇಡೀ ವಂಶದಲ್ಲಿ ಖರೆ ಹುಟ್ಟಿದ ದಿನ ಅಂತ ಇರುವುದು ಇವಳೊಬ್ಬಳಿಗೆ. ಅವಳು ನಮ್ಮ ನಡುಮನೆಯಲ್ಲಿ ಹುಟ್ಟಿದಳು, ನಾನು ಹೊರಗೆ ಕಟ್ಟೆಯ ಮೇಲೆ ಕೂತು ಡೈರಿಯಲ್ಲಿ ಬರೆದೆ. ಅಂಥ ದಿನವನ್ನು ಸುಮ್ಮನೆ ಬಿಡಬಹುದೇ?

ಕಾರ್ಯಕ್ರಮ ಕೇಳು. ಹೆಸರು "ಗುಡ್ಡದ ಸಾಹಸ". ಕೇಕಿಲ್ಲ, ಮೇಣಬತ್ತಿ ಊದುವುದಿಲ್ಲ. ನಮ್ಮ ಶಾಲೆಯ ಹನ್ನೊಂದು ಮಕ್ಕಳ ಸೈನ್ಯ, ಅದಕ್ಕೆ ದಳವಾಯಿ ನಮ್ಮ ಬನವ್ವ. ಕೆರೆಯ ಆಚೆಯ ಗುಡ್ಡದ ಮೇಲೆ ಐದು ಗಂಟುಗಳನ್ನು ಬಚ್ಚಿಡುತ್ತೇನೆ. ಪ್ರತಿ ಗಂಟಿನಲ್ಲಿ ಒಂದು ಒಗಟು, ಅದನ್ನು ಒಡೆದರೆ ಮುಂದಿನ ಗಂಟಿನ ದಾರಿ. ಐದೂ ಸಿಕ್ಕವರಿಗೆ ಗುಡ್ಡದ ತುದಿಯಲ್ಲಿ ಬಹುಮಾನ: ಹಗಲಿನಲ್ಲಿ ಚುಕ್ಕಿ ತೋರಿಸುತ್ತೇನೆ. ಕಪಾಳಕ್ಕೆ ಹೊಡೆದು ತೋರಿಸುವ ಚುಕ್ಕಿ ಅಲ್ಲ, ಖರೆ ಚುಕ್ಕಿ. ಅವತ್ತು ಅಮಾವಾಸ್ಯೆ. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ನಮ್ಮ ಸೀಮೆಯಲ್ಲಿ ಸೂರ್ಯ ಪೂರ್ತಿ ಮುಚ್ಚುತ್ತಾನೆಂದು ಪೇಪರಿನಲ್ಲಿ ಬಂದಿದೆ. ನಮ್ಮಪ್ಪ ನೋಡಲಿಲ್ಲ, ನಮ್ಮಜ್ಜ ನೋಡಲಿಲ್ಲ. ಈ ಹುಡುಗಿಯ ಹುಟ್ಟುಹಬ್ಬಕ್ಕೆ ಆಕಾಶವೇ ಆಹೇರಿ ತರುತ್ತಿದೆ ತಂಗಿ!

ಶಿವರಾತ್ರಿ ಮುಗಿಸಿಕೊಂಡು ಶುಕ್ರವಾರದ ಬಸ್ಸಿಗೆ ಬಂದುಬಿಡಿ. ನಿನ್ನ ವೈನಿ ನೀಲಾಬಾಯಿ ಈಗಲೇ ಶೇಂಗಾ ಹುರಿಯಲು ನಿಂತಿದ್ದಾಳೆ.

ಅಂದಪ್ಪ


ಇಳಕಲ್ಲು
೧೪-೧-೧೯೮೦

ಅಣ್ಣನಿಗೆ ಶರಣು.

ಪತ್ರ ಮುಟ್ಟಿತು. ಸಂಕ್ರಮಣದ ಕುಸುರೆಳ್ಳು ಇದರಲ್ಲಿ ಇಡಲು ಬರುವುದಿಲ್ಲ, ಇಟ್ಟಿದ್ದೇನೆಂದು ತಿಳಿದುಕೊ.

ಬರಲು ಆಗುವುದಿಲ್ಲ. ಮದುವೆ ಸುಗ್ಗಿಯ ಸೀರೆಗಳು ಮಗ್ಗದ ಮೇಲಿವೆ, ಇವರಿಗೆ ಕಂಡಿಕೆಗೆ ನೂಲು ಸುತ್ತಿ ಕೊಡುವವರು ಬೇರೆ ಯಾರಿದ್ದಾರೆ? ಅತ್ತೆಗೆ ಮೊಣಕಾಲು ನೋವು. ಬನವ್ವನಿಗೂ ಕೆಮ್ಮು. ಅಮಾವಾಸ್ಯೆಯ ಹೊತ್ತಿನಲ್ಲಿ ಪ್ರಯಾಣವೂ ಬೇಡ.

ನಿನ್ನ ಪತ್ರವನ್ನು ನಾನು ಓದುವಾಗ ಅವಳು ಪಕ್ಕದಲ್ಲೇ ಇದ್ದಳು. "ಸಾಹಸ ಅಂದ್ರ ಏನಬೇ?" ಎಂದು ಕೇಳಿದಳು. "ಅಂಜಿಕಿ ಬಂದ್ರೂ ಹೋಗೂದು" ಎಂದೆ. ಅಂದಿನಿಂದ ಒಂದು ಚೀಲಕ್ಕೆ ಹಗ್ಗ, ತಂಬಿಗೆ, ನನ್ನ ಹಳೆಯ ಟಾವೆಲ್ಲು ತುಂಬುತ್ತಾಳೆ, ತೆಗೆಯುತ್ತಾಳೆ. ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ಮಾತ್ರ ಬಿಟ್ಟಿಲ್ಲ. ಆಮೇಲೆ ಗ್ರಹಣದ ಬಗ್ಗೆ ಇನ್ನೊಂದು ಮಾತು ಕೇಳಿದಳು. ಅದನ್ನು ಬರೆಯುವುದಿಲ್ಲ.

ನಿನ್ನ ಹನ್ನೊಂದು ಮಕ್ಕಳಿಗೇ ಚುಕ್ಕಿ ತೋರಿಸು.

ಶಿವಲಿಂಗವ್ವ


ಬಾದಾಮಿ
೨೧-೧-೧೯೮೦

ತಂಗಿ,

ಮಗ್ಗ, ಮೊಣಕಾಲು, ಕೆಮ್ಮು, ಅಮಾವಾಸ್ಯೆ! ನಾಲ್ಕು ನೆವ ಒಮ್ಮೆಗೇ ಹೇಳುವವರು ಒಂದೂ ಖರೆ ಹೇಳಿರುವುದಿಲ್ಲ ಎಂದು ಹದಿನೆಂಟು ವರ್ಷದ ಮಾಸ್ತರಿಕೆ ನನಗೆ ಕಲಿಸಿದೆ. ಇದು ನಿನ್ನ ಅತ್ತೆ ಹುಚ್ಚವ್ವನವರ ಕಾರಭಾರ, ನನಗೆ ಗೊತ್ತು. ಗ್ರಹಣವೆಂದರೆ ಬಾಗಿಲು ಹಾಕು, ನೀರು ಚೆಲ್ಲು, ತಾಟಿನಲ್ಲಿ ಒನಕೆ ನಿಲ್ಲಿಸು. ಬಸವಣ್ಣನ ಒಕ್ಕಲು ನಾವು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಎಲ್ಲಿಯ ಸೂತಕ? ವಚನ ಹೇಳುವುದು ಬಾಯಲ್ಲಿ, ಒನಕೆ ನಿಲ್ಲಿಸುವುದು ತಾಟಿನಲ್ಲಿ!

ನಾನಿಲ್ಲಿ ಏನೇನು ಮಾಡಿಟ್ಟಿದ್ದೇನೆ ನೋಡು. ಬಸ್ ನಿಲ್ದಾಣದ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟಿರುವ ಯಾಕೂಬಸಾಬ ಕಪ್ಪು ಗಾಜುಗಳನ್ನು ಕೊಟ್ಟಿದ್ದಾನೆ. ಅದರೊಳಗಿಂದ ನೋಡಿದರೆ ಸೂರ್ಯ ಹಸಿರು ಲಿಂಬೆಹಣ್ಣು. "ಸರ, ಕೂಸಿಗೆ ಹೇಳ್ರಿ, ಸೂರ್ಯಾ ಪೂರಾ ಮುಳುಗಿದಾಗಷ್ಟ ಗಾಜು ತಗೀಬೇಕು, ಒಂದು ಎಳಿ ಬಂದ್ರೂ ಮತ್ತ ಹಿಡೀಬೇಕು" ಎಂದು ಮೂರು ಸಲ ಹೇಳಿದ. ಗುಳೇದಗುಡ್ಡದಿಂದ ಖಣ ತರಿಸಿ ನೀಲಾಬಾಯಿ ಕೂಸಿಗೆ ಝಂಪರು ಹೊಲಿಯುತ್ತಿದ್ದಾಳೆ.

ಅತ್ತೆಗೆ ಅಂಜುವವಳು ನೀನಲ್ಲ. ನೆನಪಿದೆಯೇ, ಬನವ್ವ ಹೊಟ್ಟೆಯಲ್ಲಿದ್ದಾಗ ಗೌರಿ ಹುಣ್ಣಿಮೆಯ ಸಂಜೆ ಚಂದ್ರಗ್ರಹಣ ಹಿಡಿದಿತ್ತು, ನಾನೇ ನಿನ್ನನ್ನು ಮಾಳಿಗೆ ಹತ್ತಿಸಿ ತೋರಿಸಿದ್ದೆ. ಏನಾಯಿತು? ಏನೂ ಆಗಲಿಲ್ಲ.

ಅಂದಪ್ಪ


ಇಳಕಲ್ಲು
೨೬-೧-೧೯೮೦

ಅಣ್ಣಾ,

ಏನೂ ಆಗಲಿಲ್ಲ ಅಂತ ಬರದೀಯಲ್ಲ. ನಿನ್ನ ಸೊಸಿ ಮಾರಿ ಕಣ್ಣ ಮುಂದ ತಂದಕೊಂಡು ಅದನ್ನ ಇನ್ನೊಮ್ಮೆ ಬರಿ ನೋಡೋಣು. ಮ್ಯಾಲಿನ ತುಟಿ ಮೂಗಿನ ತನಕ ಸೀಳಿಕೊಂಡು ಹುಟ್ಟಿದ ಕೂಸಿಗೆ ಏನೂ ಆಗಿಲ್ಲೇನು?

ಕಾಗದದ ಮ್ಯಾಲೆ ನೀ ಕಲಿಸಿದಂಗ ಬರಿಯಾಕ ಇವತ್ತ ನನ್ನ ಕೈಲಿ ಆಗೂದಿಲ್ಲ. ಬಾಯಿಗೆ ಬಂದಂಗ ಬರೀತೇನಿ.

ಬಸುರಿ ಕುಬಸ ಮುಗಿಸಿಕೊಂಡು ನಿಮ್ಮನ್ಯಾಗ ಇದ್ದೆ. ಓಣಿ ಹುಡುಗ್ಯಾರು ಸಕ್ಕರಿ ಆರತಿ ಹಿಡಕೊಂಡು ಗೌರಿಗೆ ಹೊಂಟಿದ್ರು. "ಬಾ ತಂಗಿ, ಚಂದ್ರ ತಾಮ್ರದ ಕೊಡ ಆಗ್ಯಾನ" ಅಂತ ಕೈ ಹಿಡದು ಮಾಳಗಿ ಹತ್ತಿಸಿದಿ. ನಾ ನೋಡಿದೆ. ಕೂಸು ಹುಟ್ಟಿದ ಮ್ಯಾಲೆ ಅತ್ತಿ ಕೇಳಿದ್ಲು, "ಗ್ರಹಣದಾಗ ಹೊರಗ ಹೋಗಿದ್ದೇನ? ಏನರ ಕೊಯ್ದೇನ?" ಇಲ್ಲ ಅಂದೆ. ಕೊರಳಾಗಿನ ಲಿಂಗ ಮುಟ್ಟಿ ಇಲ್ಲ ಅಂದೆ. ಯಾಕ? ನಿನ್ನ ಹೆಸರು ಬರಬಾರದು ಅಂತ. ಐದು ವರ್ಷ ಆತು, ಆ ಸುಳ್ಳು ಗಂಟಲದಾಗ ಐತಿ. ಅಣ್ಣನ ಮ್ಯಾಲೆ ನನಗ ಸಿಟ್ಟಿಲ್ಲ ಅಂತ ನನಗ ನಾನ ಹೇಳಿಕೋತ ಬಂದೆ. ಐತಿ ಅಣ್ಣಾ. ಭಾಳ ಐತಿ.

ಮನಿಗೆ ಬಂದವರೆಲ್ಲಾ ಆಕಿ ಮುಂದನ "ಗ್ರಹಣ ಹಿಡದ ಕೂಸು" ಅಂತಾರ. ಜೂನಿಗೆ ಸಾಲಿಗೆ ಹೆಸರು ಹಚ್ಚಬೇಕು, ಆಕಿ ಒಲ್ಲೆ ಅಂತಾಳ. ನಿನ್ನ ಪತ್ರ ಓದಿದ ದಿವಸ ಏನ್ ಕೇಳಿದ್ಲು ಅಂತ ಬರದಿರಲಿಲ್ಲಲ್ಲ, ಈಗ ಓದು. "ಆವಾಗ ಗ್ರಹಣ ನನ್ನ ತುಟಿ ತಿಂದೈತಿ. ಈಗ ನಾ ಹುಟ್ಟಿದ ದಿವಸನ ಮತ್ತ ಬರಾಕತ್ತೈತಿ. ಉಳದದ್ದೂ ತಿಂತೈತೇನಬೇ?"

ಆಕಿ ಎಲ್ಲಿಗೂ ಬರೂದಿಲ್ಲ. ನಾನೂ ಬರೂದಿಲ್ಲ.

ಶಿವಲಿಂಗವ್ವ


ಬಾದಾಮಿ
೭-೨-೧೯೮೦

ಶಿವಲಿಂಗಿ,

ಹತ್ತು ದಿನ ಪೆನ್ನು ಹಿಡಿದು ಕೂತೆ, ಎದ್ದೆ. ಪ್ರತಿ ವರ್ಷ ಕಂದೀಲು, ಚೆಂಡು ಹಿಡಿದು ಮಕ್ಕಳಿಗೆ ಗ್ರಹಣದ ಪಾಠ ಮಾಡುತ್ತೇನೆ. ನನ್ನ ಸ್ವಂತ ತಂಗಿಯ ಮನೆಯಲ್ಲಿ ಐದು ವರ್ಷದಿಂದ ಹಿಡಿದ ಗ್ರಹಣ ನನಗೆ ಕಾಣಲಿಲ್ಲ. ಆ ತುಟಿಯ ಮಾತನ್ನು ಎತ್ತಿದರೆ ನಿನಗೆ ನೋವಾಗುತ್ತದೆಂದು ಎತ್ತುತ್ತಿರಲಿಲ್ಲ. ಅದು ಸುಳ್ಳು. ನನಗೆ ನೋವಾಗುತ್ತದೆಂದು ಎತ್ತುತ್ತಿರಲಿಲ್ಲ.

ಮೊನ್ನೆ ಬಾಗಲಕೋಟೆಗೆ ಹೋಗಿ ಒಬ್ಬ ಡಾಕ್ಟರ್ ಬಾಯಿಯವರನ್ನು ಕಂಡೆ. ಎಲ್ಲ ಹೇಳಿದೆ, ಮಾಳಿಗೆಯದೂ ಹೇಳಿದೆ. ಅವರು ಬೈಯಲಿಲ್ಲ. "ಮಾಸ್ತರ, ಲೆಕ್ಕ ನಿಮಗ ಬರ್ತದಲ್ಲ? ಕೂಸಿನ ತುಟಿ ಕೂಡೂದು ಹೊಟ್ಟಿ ಹೊರಗ ಕಾಣೂಕಿಂತ ಮೊದಲ, ಎರಡನೇ ತಿಂಗಳದಾಗ. ನಿಮ್ಮ ಗೌರಿ ಹುಣ್ಣಿಮಿ ಯಾವ ತಿಂಗಳದಾಗ ಬಂತು?" ಎಂದರು. ನಾನು ಅಲ್ಲೇ ಬೆರಳು ಮಡಚಿದೆ. ಹುಣ್ಣಿಮೆ ನವೆಂಬರಿನ ಕೊನೆ, ಕೂಸು ಫೆಬ್ರುವರಿ ಹದಿನಾರು. ನಿನಗಾಗ ಏಳನೇ ತಿಂಗಳು! ಏಳರಲ್ಲಿ ಮಾಡುವ ಕುಬಸ ಆಗಿತ್ತು ಎಂದು ನೀನೇ ಬರೆದಿದ್ದೀಯ. ನಾನು ನಿನ್ನ ಕೈ ಹಿಡಿದು ಮಾಳಿಗೆ ಹತ್ತಿಸಿದಾಗ ಆ ತುಟಿ ಹಾಗೆಯೇ ಇತ್ತು ತಂಗಿ. ಮೂರು ತಿಂಗಳು ಮೊದಲೇ ಇತ್ತು, ನಾಲ್ಕು ತಿಂಗಳು ಮೊದಲೇ ಇತ್ತು. ಚಂದ್ರನೂ ಅಲ್ಲ, ನೀನೂ ಅಲ್ಲ. ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಹುಬ್ಬಳ್ಳಿಯಲ್ಲಿ ಅದನ್ನು ಹೊಲಿದು ಕೂಡಿಸುತ್ತಾರಂತೆ, ತಡವಾಗಿದೆ, ಆದರೆ ಆಗುತ್ತದಂತೆ.

ಬಾ ಎಂದು ಇನ್ನು ಕರೆಯುವುದಿಲ್ಲ. ಆದರೆ ಆ ಕೂಸು ಅಂದು ಕತ್ತಲೆ ಕೋಣೆಯಲ್ಲಿ ಕೂತು, ಹೊರಗೆ ಯಾವುದೋ ಬಾಯಿ ತೆರೆದು ತನ್ನನ್ನು ಹುಡುಕುತ್ತಿದೆ ಎಂದುಕೊಂಡಿರುತ್ತದಲ್ಲ, ಅದನ್ನು ನೆನೆದರೆ ಊಟ ಸೇರುವುದಿಲ್ಲ. ಪೂರ್ಣಗ್ರಹಣ ನಿಮ್ಮೂರಿಗೂ ಇದೆ. ಕತ್ತಲೆ ನಮಗಿಂತ ಹೆಚ್ಚು ಹೊತ್ತು ಇರುತ್ತದೆ. ಗುಡ್ಡವೇ ಬೇಕೆಂದಿಲ್ಲ, ನಿಮ್ಮ ಮಾಳಿಗೆಯೂ ಸಾಕು.

ನಿನ್ನ ಯಜಮಾನರು ಈರಪ್ಪನವರು ನಾಳೆ ಗುಳೇದಗುಡ್ಡಕ್ಕೆ ಬರುತ್ತಾರಂತೆ. ಐದು ಗಂಟು, ಒಗಟು, ಝಂಪರು ಎಲ್ಲ ಅವರ ಕೈಗೇ ಕೊಟ್ಟು, ಎಲ್ಲೆಲ್ಲಿ ಬಚ್ಚಿಡಬೇಕೆಂದು ಹೇಳುತ್ತೇನೆ. ಈ ಪತ್ರವೂ ಅವರ ಕೈಯಲ್ಲೇ. ಬಿಚ್ಚುವುದು ಬಿಡುವುದು ನಿನ್ನ ಇಷ್ಟ.

ನನ್ನ ಮೇಲೆ ಸಿಟ್ಟಿರಲಿ. ಅದನ್ನು ಇಟ್ಟುಕೊಂಡೇ ಓದು.

ಅಂದಪ್ಪ


ಇಳಕಲ್ಲು
೧೧-೨-೧೯೮೦

ಅಣ್ಣನಿಗೆ,

ಗಂಟು ಮುಟ್ಟಿದವು. ನೂಲಿನ ಪೆಟ್ಟಿಗೆಯ ತಳಕ್ಕೆ ಹಾಕಿದ್ದೇನೆ.

ಏಳನೇ ತಿಂಗಳು. ಬೆರಳಿನ ಮೇಲೆ ಎಣಿಸಿದೆ, ಗ್ವಾಡೆಯ ಮೇಲೆ ಗೆರೆ ಹಾಕಿ ಎಣಿಸಿದೆ, ರೊಟ್ಟಿ ಬಡಿಯುತ್ತ ಎಣಿಸಿದೆ. ಎಷ್ಟು ಸಲ ಎಣಿಸಿದರೂ ಏಳೇ. ಡಾಕ್ಟರ್ ಬಾಯಿಯ ಮಾತಿಗೆ ತಲೆ ಹೂಂ ಅನ್ನುತ್ತದೆ, ಹೊಟ್ಟೆ ಹೂಂ ಅನ್ನುವುದಿಲ್ಲ.

ಹೊಟ್ಟೆ ಎಂದೆನಲ್ಲ. ನಿನಗೆ ಹೇಳಿರಲಿಲ್ಲ. ಅದರಲ್ಲಿ ಮತ್ತೊಂದು ಕೂಸಿದೆ, ಐದನೇ ತಿಂಗಳು. ನಾನು ಬರುವುದಿಲ್ಲ ಎಂದದ್ದು ಅದಕ್ಕೆ. ಅತ್ತೆ ಅಂದು ನನ್ನನ್ನೂ ಬನವ್ವನನ್ನೂ ಒಳಕೋಣೆಗೆ ಹಾಕಿ, ಬೆಳಕಿನ ಎಳೆಯೂ ಬರದಂತೆ ಕೌದಿ ಕಟ್ಟುತ್ತೇನೆ ಎಂದಿದ್ದಾಳೆ. ಬೈದು ಹೇಳಲಿಲ್ಲ, ನನ್ನ ಕೈ ಹಿಡಿದು ಹೇಳಿದಳು. "ಒಮ್ಮೆ ತಪ್ಪೇತಿ, ಇನ್ನೊಮ್ಮೆ ತಪ್ಪೂದು ಬ್ಯಾಡ ನನ್ನವ್ವಾ."

ಮತ್ತೆ ಪತ್ರ ಬರೆಯಬೇಡ. ಏನಾಗುತ್ತದೋ ಆಗಲಿ.

ಶಿವಲಿಂಗವ್ವ


ಬಾದಾಮಿ
೧೬-೨-೧೯೮೦, ಸಂಜೆ ಏಳು ಗಂಟೆ

ಶಿವಲಿಂಗಿ,

ಬರೆಯಬೇಡ ಎಂದಿದ್ದೆ. ಬರೆಯದೆ ಇರಲಾರೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಾದರೆ ಓದಿಕೊ.

ಹನ್ನೊಂದು ಮಕ್ಕಳಲ್ಲಿ ಬಂದವರು ನಾಲ್ವರು. ಉಳಿದವರನ್ನು ಮನೆಯವರು ಬಿಡಲಿಲ್ಲ. ಊರು ಬಿಕೋ ಎನ್ನುತ್ತಿತ್ತು, ಪೇಟೆಯಲ್ಲಿ ಒಂದು ನಾಯಿಯೂ ಇಲ್ಲ. ಯಾಕೂಬಸಾಬ, ನಾನು, ನಾಲ್ಕು ಮಕ್ಕಳು ಗುಡ್ಡ ಹತ್ತಿದೆವು. ಮಕ್ಕಳಿಗೆ ಹೇಳಬೇಕೆಂದು ಎರಡು ಪುಟ ಬರೆದುಕೊಂಡಿದ್ದೆ. ಅದನ್ನು ಜೇಬಿನಿಂದ ತೆಗೆಯಲೇ ಇಲ್ಲ.

ಮೊದಲು ಬಿಸಿಲು ಸಪ್ಪಗಾಯಿತು. ಕೆರೆಯ ನೀರು ಸೀಸದ ಬಣ್ಣಕ್ಕೆ ತಿರುಗಿತು. ಕೆಂಪು ಬಂಡೆಗಳೆಲ್ಲ ಬೂದಿಯಾದವು. ಗಿಳಿಗಳು ಚೀರುತ್ತ ಬಂಡೆಯ ಪೊಟರೆಗೆ ಸೇರಿದವು. ಆಮೇಲೆ ಪಡುವಲ ಕಡೆಯಿಂದ ಕತ್ತಲು ಬಂತು ತಂಗಿ. ಬಂತು ಎಂದರೆ ನಡೆದು ಬರಲಿಲ್ಲ, ಹೊಲದ ಮೇಲೆ ಹೊಲ ನುಂಗುತ್ತ ಓಡಿ ಬಂತು. ಸೂರ್ಯನಿದ್ದಲ್ಲಿ ಒಂದು ಕರೀ ತೂತು, ಅದರ ಸುತ್ತ ಬಿಳೀ ಕೂದಲು ಹರಡಿದ ಹಾಗೆ ಬೆಳಕು. ಅದರ ಮೇಲ್ಗಡೆ ಬೆಳ್ಳಿಚುಕ್ಕಿ, ಹಗಲಿನಲ್ಲಿ! ಯಾಕೂಬಸಾಬ "ಯಾ ಅಲ್ಲಾ" ಎಂದು ಮೊಣಕಾಲೂರಿದ. ನಾನು ಶಿವಾ ಶಿವಾ ಎಂದೆ. ಹದಿನೆಂಟು ವರ್ಷ ಇದನ್ನು ಕಂದೀಲು, ಚೆಂಡಿನಿಂದ ಕಲಿಸಿದೆನಲ್ಲ, ನನಗೆ ಏನೂ ಗೊತ್ತಿರಲಿಲ್ಲ. ಲೆಕ್ಕ ಖರೆ ಇತ್ತು, ನಿಮಿಷಕ್ಕೆ ನಿಮಿಷ ಖರೆ ಇತ್ತು. ಆದರೂ ನನಗೆ ಗೊತ್ತಿರಲಿಲ್ಲ.

ಒಂದು ನಿಮಿಷವೋ ಏನೋ, ಮತ್ತೆ ಬೆಳಕು ಚಿಮ್ಮಿತು. ನಾನು ಹೊರಳಿ ಮೂಡಲಕ್ಕೆ ನೋಡಿದೆ. ನಮ್ಮನ್ನು ದಾಟಿದ ಆ ನೆರಳು ನಿಮ್ಮ ಕಡೆಗೆ ಓಡುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಇಳಕಲ್ಲು ಮುಟ್ಟಿರಬೇಕು. ಬಾಗಿಲು ತೆರೆದಿತ್ತೋ, ಕೌದಿ ಕಟ್ಟಿತ್ತೋ? ಅಲ್ಲೇ ನಿಂತು ಬನವ್ವಾ ಎಂದು ಕೂಗಿದೆ. ಮಕ್ಕಳು ನಕ್ಕವು.

ಅಂದಪ್ಪ


ಇಳಕಲ್ಲು
೧೮-೨-೧೯೮೦

ಅಣ್ಣನಿಗೆ,

ನಿನ್ನ ಪತ್ರ ಇನ್ನೂ ಬಂದಿಲ್ಲ, ಬಂದೇ ಬರುತ್ತದೆ, ನಿನ್ನ ಬುದ್ಧಿ ನನಗೆ ಗೊತ್ತು. ಅದಕ್ಕಿಂತ ಮೊದಲು ನನ್ನದು ಓದು.

ಶನಿವಾರ ಬೆಳಗಿನಿಂದ ಒಲೆ ಹಚ್ಚಲಿಲ್ಲ. ಅತ್ತೆ ನಡುಮನೆಯಲ್ಲಿ ತಾಟಿಗೆ ನೀರು ಹಾಕಿ ಒನಕೆ ನಿಲ್ಲಿಸಿದಳು. ನನ್ನನ್ನೂ ಬನವ್ವನನ್ನೂ ಒಳಗೆ ಕೂಡಿಸಿ ಕೌದಿ ಬಿಟ್ಟಳು. ಕತ್ತಲೆಯಲ್ಲಿ ಆ ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನ ತೊಡೆಗೆ ಒತ್ತಿಕೊಂಡು ಕೂತಳು. ಉಸಿರೂ ಬಿಡುತ್ತಿರಲಿಲ್ಲ. ನನ್ನ ಹೊಟ್ಟೆಯೊಳಗಿನದು ಒದೆಯಿತು. ಇದೂ ಹೀಗೇ ಕೂಡಬೇಕೇನು ಎಂದು ಎದೆ ಉರಿದು ಬಂತು. "ಬನವ್ವಾ, ಚೀಲ ಎಲ್ಲೈತಿ?" ಎಂದೆ. "ಯಾಕಬೇ?" ಎಂದಳು. "ಸಾಹಸಕ್ಕ ಹೋಗೂಣು."

ನೂಲಿನ ಪೆಟ್ಟಿಗೆಯ ಗಂಟುಗಳನ್ನು ಇವರು ರಾತ್ರಿಯೇ ತೆಗೆದು ಬಚ್ಚಿಟ್ಟದ್ದನ್ನು ನೋಡಿದ್ದೆ. ಮೊದಲ ಒಗಟು ಅಲ್ಲೇ ಹೇಳಿದೆ. "ದಿನಾ ಕುಣಿಯಾಗ ಕಾಲಿಟ್ಟು ಕೂಡತಾನ, ಬಿದ್ದವನಲ್ಲ. ಯಾರು?" "ಅಪ್ಪಾ!" ಎಂದು ಕೌದಿ ಸರಿಸಿ ಮಗ್ಗದ ಕುಣಿಗೆ ಓಡಿದಳು. ಇವರು ಏನೂ ಗೊತ್ತಿಲ್ಲದವರ ಹಾಗೆ ಲಾಳಿ ಒರೆಸುತ್ತ ಕೂತಿದ್ದರು. ಅಲ್ಲಿ ಪೀಪಿ ಸಿಕ್ಕಿತು, ಇನ್ನೊಂದು ಒಗಟೂ ಸಿಕ್ಕಿತು. "ಎರಡು ಕಲ್ಲಿನ ಹೊಟ್ಟಿ, ಬಾಯಿ ಒಂದ, ತಿಂದದ್ದೆಲ್ಲಾ ಚೆಲ್ಲತೈತಿ." ಬೀಸುಕಲ್ಲಿನ ಹಿಂದೆ ಶೇಂಗಾ ಉಂಡಿ. ಗ್ರಹಣದಲ್ಲಿ ಉಂಡಿ ತಿಂದಳು ಅಣ್ಣ! ಅತ್ತೆ ತಲೆ ಬಡಿದುಕೊಂಡಳು. ದೀಪದ ಗೂಡಿನಲ್ಲಿ ಖಣದ ಝಂಪರು. ಅದನ್ನು ತೊಟ್ಟುಕೊಂಡೇ ಜೋಳದ ಚೀಲದ ಮೇಲಿದ್ದ ಸಣ್ಣ ಕನ್ನಡಿ ಹುಡುಕಿದಳು.

ಅಷ್ಟರಲ್ಲಿ ಇವರು "ಶಿವಲಿಂಗಿ, ಇಲ್ಲಿ ನೋಡ" ಎಂದು ಕೂಗಿದರು. ಮಾಳಿಗೆಯ ಬೆಳಕಿಂಡಿಯಿಂದ ದಿನಾ ದುಂಡಗೆ ಬೀಳುವ ಬಿಸಿಲು ಅಂದು ಕುಡುಗೋಲಿನ ಹಾಗೆ ಬಿದ್ದಿತ್ತು, ಅರ್ಧ ನೇಯ್ದ ಸೀರೆಯ ಮೇಲೆ. ಇವರು ಅಂಗೈ ಹಿಡಿದರೆ ಅಂಗೈಯಲ್ಲಿ ಕುಡುಗೋಲು. ಇಪ್ಪತ್ತು ವರ್ಷ ಆ ಬೆಳಕಿನಲ್ಲಿ ನೇಯ್ದವರು ಬಾಯಿ ತೆರೆದು ನೋಡಿದರು. ಕೊನೆಯ ಗಂಟು, ಕರೀ ಗಾಜು, ನಿಚ್ಚಣಿಕೆಯ ತುದಿಯಲ್ಲಿ ಕಟ್ಟಿತ್ತು.

ನಿಚ್ಚಣಿಕೆಯ ಕಾಲಿಗೆ ಅತ್ತೆ ಅಡ್ಡ ನಿಂತಳು. "ಕೂಸು ಹೋದ್ರ ಹೋಗಲಿ, ನೀ ಹತ್ತೀದೆಂದ್ರ ನನ್ನ ಹೆಣ ದಾಟಿ ಹತ್ತು." ಆಗ ಹೇಳಿಬಿಟ್ಟೆ. "ಎತ್ತೀ, ಆವತ್ತ ನಾ ಹೊರಗ ಇದ್ದೆ. ಲಿಂಗ ಮುಟ್ಟಿ ಸುಳ್ಳು ಹೇಳೇನಿ. ಆದ್ರ ಆವಾಗ ನನಗ ಏಳು ತಿಂಗಳು, ತುಟಿ ಎರಡರಾಗನ ಆಗಿರ್ತೈತಂತ. ಅದು ಗ್ರಹಣ ಅಲ್ಲ." ಅವಳು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ನಿಚ್ಚಣಿಕೆ ಹಿಡಿದುಕೊಂಡೇ ಕುಸಿದು ಕೂತಳು. "ನಾ ಒಂದು ಗ್ರಹಣಕ್ಕೂ ಹೊರಗ ಹೋದಾಕಿ ಅಲ್ಲ. ನನ್ನ ಮೂರು ಕೂಸು ಯಾಕ ಹೋದುವು ಹಂಗಾರ?" ಎಂದಳು. ಈ ಮಾತು ಇವರಿಗೂ ಗೊತ್ತಿರಲಿಲ್ಲ. ಅವಳ ಭುಜ ಮುಟ್ಟಿ, ಪಕ್ಕದಿಂದ ಹತ್ತಿದೆ. ಅವಳು ತಡೆಯಲಿಲ್ಲ.

ಮಾಳಿಗೆಯ ಮೇಲೆ ನಾವಿಬ್ಬರೇ. ಸುತ್ತ ಎಲ್ಲ ಮಾಳಿಗೆಗಳೂ ಖಾಲಿ, ಒಂದು ಮಗ್ಗದ ಸಪ್ಪಳವೂ ಇಲ್ಲ. ನಮ್ಮೂರು ಇಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಕತ್ತಲು ಬಂದಾಗ ಬನವ್ವ ಚೀರಿ ನನ್ನ ಸೆರಗಿನಲ್ಲಿ ಸೇರಿಕೊಂಡಳು. ನನಗೂ ಮೈ ಜುಮ್ಮೆಂದಿತು. "ನೋಡ ಬನವ್ವಾ, ಅದಕ್ಕ ಬಾಯಿನ ಇಲ್ಲ" ಎಂದೆ. ಗಾಜು ಇಳಿಸಿ ಒಂದೇ ಕಣ್ಣು ಹೊರಗೆ ಹಾಕಿದಳು. ಆಮೇಲೆ ಎರಡೂ. ಆ ಕರೀ ಗುಂಡು, ಆ ಬೆಳ್ಳಿ ಕೂದಲು, ಅಂಚಿಗೆ ಹಚ್ಚಿದ ಕುಂಕುಮದ ಹಾಗೆ ಕೆಂಪು. ಏನು ಬರೆಯಲಿ ಅಣ್ಣ, ನನ್ನ ಕಣ್ಣಲ್ಲಿ ತಾನಾಗಿ ನೀರು ಬಂತು. "ಎವ್ವಾ, ಚುಕ್ಕಿ! ಚುಕ್ಕಿ ಎವ್ವಾ!" ಎಂದು ಎರಡೂ ಕೈ ಮೇಲೆತ್ತಿ ಕುಣಿದಳು. ಎರಡೂ ಕೈ, ಅಣ್ಣ. ಬಾಯಿಯ ಮೇಲೆ ಒಂದೂ ಇರಲಿಲ್ಲ.

ಹಿಂದೆ ಉಸಿರು ಕೇಳಿತು. ಹೊರಳಿದರೆ ನಿಚ್ಚಣಿಕೆಯ ಬಾಯಲ್ಲಿ ಹುಚ್ಚವ್ವನ ತಲೆ. ಮೊಣಕಾಲು ನೋವು ಎಲ್ಲಿಗೆ ಹೋಗಿತ್ತೋ! ಕೈ ಮುಗಿದು ನೋಡುತ್ತಿದ್ದಳು, ಗಲ್ಲದ ಮೇಲೆ ನೀರು. ಬಿಸಿಲಿನ ಮೊದಲ ಎಳೆ ಹೊಳೆದಾಗ ಬನವ್ವ ಅವಳ ಕಣ್ಣಿಗೆ ಗಾಜು ಹಿಡಿದು "ಬರೇ ಕಣ್ಣಿಲೆ ನೋಡಬಾರದಮ್ಮಾ" ಎಂದು ಗದರಿಸಿದಳು.

ಒಂದು ಮಾತು ಉಳಿದಿದೆ. ಗೌರಿ ಹುಣ್ಣಿಮೆಯ ಆ ಚಂದ್ರ ಭಾಳ ಚಂದ ಇದ್ದ. ಐದು ವರ್ಷ ಅದನ್ನು ನೆನೆಯುವುದೇ ಪಾಪ ಎಂದುಕೊಂಡಿದ್ದೆ. ತೋರಿಸಿದ್ದು ಒಳ್ಳೆಯದಾಯಿತು ಅಣ್ಣ.

ಶಿವಲಿಂಗವ್ವ


ಇಳಕಲ್ಲು
೪-೬-೧೯೮೦

ಅಣ್ಣನಿಗೆ ಶರಣು.

ಬರುವ ಸೋಮವಾರ ಹೆರಿಗೆಗೆ ಬಾದಾಮಿಗೆ ಬರುತ್ತೇನೆ. ಅತ್ತೆಯೇ ಕರೆದುಕೊಂಡು ಬರುತ್ತಾಳೆ. ಗ್ರಹಣ ನೋಡಿ ಬಂದವಳೆಂದು ಓಣಿಯವರು ನನ್ನ ಹೊಟ್ಟೆ ದಿಟ್ಟಿಸಿದರೆ, "ನಾನೂ ನೋಡೇನಿ, ನನ್ನನ್ನೂ ನೋಡ್ರಿ" ಎಂದು ಜಗಳಕ್ಕೆ ನಿಲ್ಲುತ್ತಾಳೆ. ಅಂಜಿಕೆ ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಅದು ಈಗ ನನ್ನ ಕೈಯಳತೆಯಲ್ಲಿದೆ. ಬನವ್ವನನ್ನು ದೀಪಾವಳಿ ರಜೆಯಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಹೋಗುವುದೆಂದು ಇವರು ನಿಶ್ಚಯಿಸಿದ್ದಾರೆ.

ನಿನ್ನೆ ಅವಳ ಹೆಸರು ಹಚ್ಚಲು ಶಾಲೆಗೆ ಹೋಗಿದ್ದೆವು. ದೊಡ್ಡ ಸಾಲು, ಮಕ್ಕಳೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ನನ್ನ ಜೀವ ಕೈಯಲ್ಲಿ. ಹೆಡ್‌ಮಾಸ್ತರರು ನಿನ್ನ ಹಾಗೆಯೇ, ತಲೆ ಎತ್ತದೆ "ಜೂನ್ ಒಂದು" ಎಂದು ಬರೆಯತೊಡಗಿದರು. ನಾನು ಬಾಯಿ ತೆರೆಯುವುದರೊಳಗೆ ಇವಳು ಮೇಜಿನ ಅಂಚಿಗೆ ಗಲ್ಲ ಇಟ್ಟು, ಆ ಸೀಳುತುಟಿಯಿಂದ ಇಡೀ ಕೋಣೆಗೆ ಕೇಳುವಂತೆ ಹೇಳಿದಳು: "ಅಲ್ರಿ ಸರ. ಫೆಬ್ರುವರಿ ಹದಿನಾರು. ಅವತ್ತ ನಾ ಹಗಲಿನ್ಯಾಗ ಚುಕ್ಕಿ ನೋಡೇನ್ರಿ."

ಅವರು ಬರೆದದ್ದನ್ನು ಹೊಡೆದುಹಾಕಿ ಹದಿನಾರು ಎಂದು ಬರೆದರು.

ನೀನು ಡೈರಿ ತೆಗೆದಿಡು. ಬರುವ ಕೂಸಿನ ತುಟಿ ಹೇಗೇ ಇರಲಿ, ಹುಟ್ಟಿದ ದಿನ ಬರೆದುಕೊ.

ಶಿವಲಿಂಗವ್ವ